ಉಪ್ಪಿಗೊಂದು ಕೋಡಿ

ಈ ಬೇಸಿಗೆಯಲ್ಲಿ ನಮ್ಮ ಬಾಲ್ಕನಿಯ ಬೀನ್ಸ್ ಬಳ್ಳಿ ಸತ್ತುಹೋಯ್ತು. ನಾಲ್ಕೆಲೆ ಬಿಡೋವರೆಗೂ ಹುಮ್ಮಸ್ಸಿನಿಂದಲೇ ಇತ್ತು. ಆಮೇಲೆ ಎಲೆಯ ಅಂಚು ಕಂದಿತು, ದಿನಾ ನೀರು ಹಾಕಿದರೂ ಬಾಯಾರಿದಂತೆ ಜೋತುಬಿತ್ತು. ಪಕ್ಕದ ನಿಂಬೆಗಿಡ ಬದುಕಿದೆ. ಆದರೆ ಅದರ ಎಲೆಗಳ ತುದಿ ಬೆಂಕಿ ತಾಗಿದ ಕಾಗದದ ಥರ ಆಗಿದೆ. ಇವೆರಡರ ಮಧ್ಯೆ, ನಾನು ಬಿತ್ತದೇ ಇದ್ದ ಗೋಣಿಸೊಪ್ಪು ಮಾತ್ರ ಕುಂಡದ ತುಂಬ ಹರಡಿಕೊಂಡು ಕೆಂಪು ದಂಟು ಬಿಟ್ಟು ಮೆರೀತಾ ಇದೆ.

ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಿತ್ತು. ಉಗುರಲ್ಲಿ ಕೆರೆದು ನಾಲಿಗೆಗೆ ಇಟ್ಟೆ. (ನೀವು ಇಡಬೇಡಿ.) ಉಪ್ಪುಪ್ಪು, ಸ್ವಲ್ಪ ಕಹಿ, ಸುಣ್ಣದ ಚೊಗರು.

ಪುಟ್ಟೇನಹಳ್ಳಿಯ ಬಹಳಷ್ಟು ಅಪಾರ್ಟ್‌ಮೆಂಟ್‌ಗಳಂತೆ ನಮ್ಮದೂ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನ ಸಂಸಾರ. ಅಡುಗೆಮನೆಯ ಫಿಲ್ಟರ್ ಜೊತೆ ಬಂದಿದ್ದ ಟಿಡಿಎಸ್ ಮೀಟರನ್ನು ಬಕೆಟ್ಟಿಗೆ ಅದ್ದಿದರೆ 800 ಅಂತ ತೋರಿಸಿತು. ಅಂದರೆ ಲೀಟರಿಗೆ 800 ಮಿಲಿಗ್ರಾಂ ಲವಣ. ಅದೆಲ್ಲಾ ಅಡುಗೆ ಉಪ್ಪಲ್ಲ, ಸುಣ್ಣದಂಶ, ಮೆಗ್ನೀಷಿಯಂ, ಸೋಡಿಯಂ ಎಲ್ಲಾ ಸೇರಿದ್ದು. ಒಂದು ಕುಂಡಕ್ಕೆ ದಿನಕ್ಕೆ ಅರ್ಧ ಲೀಟರ್ ಹಾಕಿದರೆ ವರ್ಷಕ್ಕೆ ಹತ್ತಿರಹತ್ತಿರ ಒಂದೂವರೆ ನೂರು ಗ್ರಾಂ ಲವಣವನ್ನು ನಾನೇ ಕೈಯಾರೆ ಸುರೀತಾ ಇದ್ದೆ. ನೀರನ್ನು ಗಿಡ ಕುಡಿಯುತ್ತೆ, ಬಿಸಿಲು ಕುಡಿಯುತ್ತೆ. ಉಪ್ಪನ್ನು ಯಾರೂ ಕುಡಿಯಲ್ಲ, ಅದು ಅಲ್ಲೇ ಕೂರುತ್ತೆ. ಸಾಮಾನ್ಯವಾಗಿ ಕುಂಡದ ತಳದ ತೂತಿನಿಂದ ಸ್ವಲ್ಪ ಸ್ವಲ್ಪ ತೊಳೆದುಹೋಗಬೇಕು. ಆದರೆ ಕೆಳಗಿನ ಮನೆಯವರು ಒಣಹಾಕಿದ ಬಟ್ಟೆ ಮೇಲೆ ಕೆಂಪು ನೀರು ತೊಟ್ಟಿಕ್ಕುತ್ತೆ ಅಂತ ದೂರು ಬಂದಮೇಲೆ ನಾನು ತೂತುಗಳಿಗೆಲ್ಲ ಎಂ-ಸೀಲ್ ಮೆತ್ತಿಬಿಟ್ಟಿದ್ದೆ.

ಇದನ್ನು ಇಷ್ಟುದ್ದ ಹೇಳೋದಕ್ಕೆ ಕಾರಣ ಇದೆ. ಆ ಎರಡಡಿ ಕುಂಡದಲ್ಲಿ ಆದದ್ದೇ ತುಂಗಭದ್ರೆಯ ಎಡದಂಡೆಯಲ್ಲಿ, ಗಂಗಾವತಿ, ಸಿಂಧನೂರು, ಮಾನ್ವಿಯ ಕಪ್ಪು ನೆಲದಲ್ಲಿ, ಕಳೆದ ಎಪ್ಪತ್ತು ವರ್ಷದಲ್ಲಿ ಆಗಿದೆ. ಅಲ್ಲಿ ಸತ್ತದ್ದು ಬೀನ್ಸ್ ಅಲ್ಲ.

ಒಣನಾಡಿನಲ್ಲಿ ಎಲ್ಲಿ ಯಾವ ಗಿಡ ಬೆಳೆಯುತ್ತೆ ಅನ್ನೋದನ್ನು ಮಳೆ ನಿರ್ಧರಿಸುತ್ತೆ ಅಂತ ನಾವು ಶಾಲೆಯಲ್ಲಿ ಓದಿದ್ದೇವೆ. ಅದು ಅರ್ಧ ನಿಜ. ಮಳೆ ಹೆಚ್ಚಿರುವ ಮಲೆನಾಡಿನಲ್ಲಿ ಉಪ್ಪು ತೊಳೆದು ಹೊಳೆಗೆ, ಹೊಳೆಯಿಂದ ಕಡಲಿಗೆ ಹೋಗಿಬಿಡುತ್ತೆ. ರಾಯಚೂರಿನಂಥ ಕಡೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಬಿಸಿಲು ಎಳೆದುಕೊಳ್ಳೋ ನೀರು ಅದರ ಎರಡು ಪಟ್ಟಿಗೂ ಹೆಚ್ಚು. ಅಲ್ಲಿ ಉಪ್ಪು ಪ್ರಯಾಣ ಮುಗಿಸೋದೇ ಇಲ್ಲ. ಕಲ್ಲು ಕರಗಿ ಬಂದ ಲವಣ ಮಳೆಗಾಲದಲ್ಲಿ ಒಂದೆರಡು ಮೀಟರ್ ಕೆಳಗಿಳಿದು ಅಲ್ಲೇ ನಿಲ್ಲುತ್ತೆ. ತಗ್ಗಿನಲ್ಲಿ ನೀರು ನಿಂತರೆ ಅಲ್ಲಿ ಮೇಲಕ್ಕೆ ಬರುತ್ತೆ. ಹಾಗಾಗಿ ಒಂದೇ ಊರಿನ ಒಂದೇ ಬಯಲಿನಲ್ಲಿ, ಒಂದೇ ಮಳೆಯಲ್ಲಿ, ಇಲ್ಲಿ ಜೋಳ, ಇಪ್ಪತ್ತು ಹೆಜ್ಜೆ ಆಚೆ ಬರೀ ಜಾಲಿ, ಇನ್ನೂ ತಗ್ಗಿನಲ್ಲಿ ಗರಿಕೆ, ನಟ್ಟನಡುವೆ ಏನೂ ಇಲ್ಲದ ಬಿಳಿ ಬೋಳು.

ಉಪ್ಪು ಗಿಡವನ್ನು ಎರಡು ರೀತಿ ಕೊಲ್ಲುತ್ತೆ. ಮೊದಲನೆಯದು ಬಾಯಾರಿಕೆ. ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಿದರೆ ಬೇರಿಗೆ ಅದನ್ನು ಎಳೆದುಕೊಳ್ಳೋ ಶಕ್ತಿ ಇರಲ್ಲ, ನೀರಿನ ನಡುವೆ ನಿಂತೇ ಒಣಗುತ್ತೆ. ಎರಡನೆಯದು ನಿಧಾನದ ವಿಷ. ಸೋಡಿಯಂ, ಕ್ಲೋರೈಡು ಎಲೆಯಲ್ಲಿ ಕೂಡಿಕೊಳ್ತಾ ಹೋಗಿ ತುದಿಯಿಂದ ಸುಡುತ್ತೆ. ಇದನ್ನು ತಡೆಯೋ ಗಿಡಗಳ ಹತ್ತಿರ ಬೇರೆ ಬೇರೆ ಉಪಾಯಗಳಿವೆ. ಗೋಣಿಸೊಪ್ಪು ಎಲೆ ದಂಟಿನಲ್ಲಿ ನೀರು ತುಂಬಿಕೊಂಡು ಉಪ್ಪನ್ನು ತೆಳುಮಾಡುತ್ತೆ. ಅದರ ರುಚಿ ಉಪ್ಪುಹುಳಿ ಇರೋದು ಸುಮ್ಮನೆ ಅಲ್ಲ. ಕಪ್ಪು ನೆಲದ ಸವಳಿನಲ್ಲಿ ಸಿಗುವ ಕ್ರೆಸ್ಸಾ ಕ್ರೆಟಿಕಾ ಅನ್ನೋ ಪುಟ್ಟ ಗಿಡ ಎಲೆಯಿಂದಲೇ ಉಪ್ಪನ್ನು ಬೆವರುತ್ತೆ. ಈಚಲು, ಕರಿಜಾಲಿ, ಹೊಂಗೆ ಇವೆಲ್ಲ ಸಾಕಷ್ಟು ಉಪ್ಪು ತಾಳಿಕೊಳ್ಳುತ್ತವೆ. ಎಲ್ಲರಿಗಿಂತ ಗಟ್ಟಿಗ ಅಂದರೆ ಬಳ್ಳಾರಿ ಜಾಲಿ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಅದು ಅಮೆರಿಕ ಖಂಡದ್ದು. 1870ರ ದಶಕದಲ್ಲಿ ಮದ್ರಾಸ್ ಪ್ರಾಂತದ ಅರಣ್ಯ ಅಧಿಕಾರಿಗಳು ಬೀಜ ತರಿಸಿ ಕಡಪ ಕಡೆ ಹಾಕಿಸಿದ್ದು. ಈಗ ಕೈಬಿಟ್ಟ ಸವಳು ಹೊಲ ಎಲ್ಲಿದೆ ಅಂತ ಬಸ್ಸಿನ ಕಿಟಕಿಯಿಂದಲೇ ಅದು ತೋರಿಸಿಕೊಡುತ್ತೆ.

ಸವಳು ಅನ್ನೋ ಮಾತು ಬಂತು. ಕನ್ನಡದಲ್ಲಿ ಇದಕ್ಕಿರುವ ಪದಗಳನ್ನು ನೋಡಿದರೇ ನಮ್ಮವರು ಇದರ ಜೊತೆ ಎಷ್ಟು ಕಾಲ ಬದುಕಿದ್ದಾರೆ ಅಂತ ಗೊತ್ತಾಗುತ್ತೆ. ಸವಳು, ಸೌಳು, ಚೌಳು, ಕರಲು. ನೀರು ನಿಂತು ಕೆಟ್ಟದ್ದು ಜವಳು. ಉತ್ತರ ಕರ್ನಾಟಕದ ರೈತರ ಬಾಯಲ್ಲಿ, ಸರ್ಕಾರಿ ಕಡತದಲ್ಲಿ ಎರಡೂ ಒಟ್ಟಿಗೇ ಬರುತ್ತೆ, ಸವಳು-ಜವಳು ಭೂಮಿ. ಅಣ್ಣತಮ್ಮಂದಿರ ಹೆಸರಿದ್ದ ಹಾಗೆ.

ಮತ್ತು ಆ ನೆಲ ಯಾವಾಗಲೂ ಶಾಪವಾಗಿರಲಿಲ್ಲ. ಕೆಲವರಿಗೆ ಅದೇ ಅನ್ನ.

ಬೆಂಗಳೂರಿನಲ್ಲಿ ಮೆಜೆಸ್ಟಿಕ್ ಪಕ್ಕ ಉಪ್ಪಾರಪೇಟೆ ಇದೆ. ಮಿನರ್ವ ಸರ್ಕಲ್ ಹತ್ತಿರ ಉಪ್ಪಾರಹಳ್ಳಿ ಇದೆ. ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಾಗ ಬೋರ್ಡ್ ಓದಿರ್ತೀರಿ, ಯೋಚಿಸಿರಲ್ಲ. ಉಪ್ಪಾರ ಅಂದರೆ ಉಪ್ಪು ಮಾಡುವವನು. ಸಮುದ್ರ ಇಲ್ಲದ ಊರಿನಲ್ಲಿ ಉಪ್ಪು ಎಲ್ಲಿಂದ? ಮಣ್ಣಿನಿಂದ. ಬೇಸಿಗೆಯಲ್ಲಿ ಚೌಳು ನೆಲದ ಮೇಲ್ಪದರ ಬೆಳ್ಳಗೆ ಅರಳಿದಾಗ ಅದನ್ನು ಕೆರೆದು ಗುಡ್ಡೆ ಹಾಕಬೇಕು. ಅದರ ಮೇಲೆ ನೀರು ಹೊಯ್ದು, ಕೆಳಗೆ ಸೋರಿ ಬರುವ ಉಪ್ಪುನೀರನ್ನು ಹಿಡಿದು, ಬಿಸಿಲಿಗೆ ಬಿಟ್ಟು ಹರಳುಗಟ್ಟಿಸಬೇಕು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆ ಮೇಲೆ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಮಣ್ಣುಪ್ಪಿನ ಕೆಲಸವನ್ನು ಕಂಡು ಬರೆದಿಟ್ಟಿದ್ದಾನೆ. ಮುಂದೆ ಲೂಯಿ ರೈಸ್ ತನ್ನ ಗೆಜೆಟಿಯರಿನಲ್ಲಿ ಕನ್ನಡ ಉಪ್ಪಾರರು ಮಣ್ಣಿನಿಂದ ಉಪ್ಪು ತೆಗೆಯುವವರು, ತೆಲುಗು ಉಪ್ಪಾರರು ಮನೆ ಕಟ್ಟುವವರು ಅಂತ ಬೇರೆ ಮಾಡಿ ಹೇಳುತ್ತಾನೆ.

ಎಲ್ಲಾ ಚೌಳೂ ಒಂದೇ ಅಲ್ಲ. ಕೆಲವು ಕಡೆ ಅಡುಗೆ ಉಪ್ಪಿನಂಶ ಹೆಚ್ಚು, ಕೆಲವು ಕಡೆ ಸೋಡಾ ಹೆಚ್ಚು. ಸೋಡಾ ಇದ್ದ ಮಣ್ಣಿನಲ್ಲಿ ಗಿಡಕ್ಕೆ ಕಷ್ಟ ಇನ್ನೂ ಜಾಸ್ತಿ. ಸೋಡಿಯಂ ಜೇಡಿಯನ್ನು ಒಡೆದು ಪುಡಿಮಾಡಿ, ಮಣ್ಣು ಒದ್ದೆಯಾದಾಗ ಅಂಟು, ಒಣಗಿದಾಗ ಸಿಮೆಂಟು. ಆದರೆ ಅಗಸರಿಗೆ ಅದೇ ಸಾಬೂನು. ಚೌಳು ಮಣ್ಣಿನಲ್ಲಿ ಬಟ್ಟೆ ನೆನೆಹಾಕಿ ಒಗೆಯೋದನ್ನು ನಮ್ಮ ಅಜ್ಜಿಯ ತಲೆಮಾರಿನವರು ಕಣ್ಣಾರೆ ಕಂಡವರು. ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಅದೇ ಸೋಡಾವನ್ನು ಕುಲುಮೆಗೆ ಹಾಕಿ ಗಾಜು ಕರಗಿಸಿ ಬಣ್ಣಬಣ್ಣದ ಬಳೆ ಮಾಡುತ್ತಿದ್ದರು. ಬುಕಾನನ್ ಅಲ್ಲಿಗೂ ಹೋಗಿದ್ದ. ಏನೂ ಬೆಳೆಯದ ನೆಲದಿಂದ ಹೆಂಗಸರ ಕೈಗೆ ಬಳೆ. ಈ ಒಂದು ವಿವರ ನನಗೆ ಬಹಳ ಇಷ್ಟ.

ಉಪ್ಪಾರರು ತಮ್ಮ ಮೂಲಪುರುಷ ಅಂತ ಪೂಜಿಸೋದು ಯಾರನ್ನು ಗೊತ್ತೇ? ಭಗೀರಥನನ್ನು. ಗಂಗೆಯನ್ನು ಒಣನೆಲಕ್ಕೆ ತಂದವನನ್ನು. ಮಣ್ಣಿನಿಂದ ಉಪ್ಪು ಹೊರತೆಗೆಯೋ ಕುಲಕ್ಕೆ ನೀರು ಒಳತರುವವನು ಹಿರೀಕ. ಉಪ್ಪು ತೊಳೆಯೋಕೆ ನೀರು ಬೇಕೇಬೇಕಲ್ಲ, ಆ ಲೆಕ್ಕದಲ್ಲಿ ನೋಡಿದರೆ ಇದು ಸರಿಯಾಗೇ ಇದೆ ಅನಿಸುತ್ತೆ.

ಅವರ ಕಸುಬು ಹೋದದ್ದು ಮಣ್ಣಿನಲ್ಲಿ ಉಪ್ಪು ಮುಗಿದು ಅಲ್ಲ. ಮದ್ರಾಸ್ ಪ್ರಾಂತದಲ್ಲಿ 1805ರಿಂದ ಉಪ್ಪು ಕಂಪನಿಯ ಏಕಸ್ವಾಮ್ಯ. ತೆರಿಗೆ ಕಟ್ಟಿದ ಸಮುದ್ರದುಪ್ಪು ಮಾರಾಟ ಆಗಬೇಕಾದರೆ ಬಳ್ಳಾರಿಯ ಹೊಲದಲ್ಲಿ ಪುಕ್ಕಟೆ ಸಿಗೋ ಉಪ್ಪು ನಿಲ್ಲಬೇಕಿತ್ತು. ಹತ್ತೊಂಬತ್ತನೇ ಶತಮಾನ ಮುಗಿಯೋ ಹೊತ್ತಿಗೆ ಅದನ್ನು ನಿಲ್ಲಿಸಿದರು. ಮೈಸೂರು ಸೀಮೆಯಲ್ಲಿ ರೈಲಿನಲ್ಲಿ ಬಂದ ಅಗ್ಗದ ಉಪ್ಪಿನ ಮುಂದೆ ಮಣ್ಣುಪ್ಪು ಸೋತಿತು. ಉಪ್ಪಿನ ಸತ್ಯಾಗ್ರಹ ಅಂದಾಗ ನಮಗೆ ದಂಡಿ ನೆನಪಾಗುತ್ತೆ, ಹೆಚ್ಚೆಂದರೆ 1930ರ ಏಪ್ರಿಲ್ 13ರ ಅಂಕೋಲಾ. ಎರಡೂ ಕಡಲ ತೀರ. ಒಳನಾಡಿನ ಉಪ್ಪಿಗೆ ಆ ಥರದ ಫೋಟೋ ಇಲ್ಲ.

ಇನ್ನು ಬೆಳೆಯ ಮಾತು. ಕೃಷ್ಣೆ, ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ್ ಶತಮಾನಗಳ ಕಾಲ ಜೋಳ, ಹತ್ತಿಯ ನಾಡು. ಕಪ್ಪು ಎರೆಮಣ್ಣು ಮಳೆ ಹಿಡಿದಿಟ್ಟುಕೊಳ್ಳುತ್ತೆ, ಅದನ್ನೇ ನಂಬಿ ಹಿಂಗಾರಿ ಜೋಳ. ನೀರಿಲ್ಲ ಅಂತ ಜೋಳ ಹಾಕುತ್ತಿದ್ದರು ಅನ್ನೋದು ಸಾಮಾನ್ಯ ವಿವರಣೆ. ಅದರ ಜೊತೆ ಇನ್ನೊಂದು ಸಂಗತಿ ಇದೆ. 1977ರಲ್ಲಿ ಮಾಸ್ ಮತ್ತು ಹಾಫ್‌ಮನ್ ಅನ್ನೋ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಯಾವ ಬೆಳೆ ಎಷ್ಟು ಉಪ್ಪಿನವರೆಗೆ ಇಳುವರಿ ಬಿಟ್ಟುಕೊಡದೆ ತಾಳುತ್ತೆ ಅಂತ ಒಂದು ಪಟ್ಟಿ ಮಾಡಿದರು. ಅಳತೆ ಡೆಸಿಸೀಮೆನ್ಸ್, ಅಂದರೆ ಮಣ್ಣಿನ ನೀರು ಎಷ್ಟು ವಿದ್ಯುತ್ ಹರಿಸುತ್ತೆ ಅನ್ನೋ ಲೆಕ್ಕ. ಉಪ್ಪು ಹೆಚ್ಚಿದಷ್ಟೂ ಅಂಕಿ ಹೆಚ್ಚು, 4 ದಾಟಿದರೆ ಸವಳು ಭೂಮಿ ಅಂತ ಕರೀತಾರೆ. ಇಂಥ ಪಟ್ಟಿಗಳಲ್ಲಿ ಬೀನ್ಸ್‌ಗೆ 1. (ನನ್ನ ಬಳ್ಳಿ ಪಾಪ.) ಕಬ್ಬಿಗೆ 1.7, ಭತ್ತಕ್ಕೆ 3, ಗೋಧಿಗೆ 6, ಜೋಳಕ್ಕೆ 6.8, ಹತ್ತಿಗೆ 7.7, ಬಾರ್ಲಿಗೆ 8.

ಈಗ ಹಳೆಯ ರಾಯಚೂರಿನ ಹೊಲ ನೆನೆಸಿಕೊಳ್ಳಿ. ಜೋಳ, ಹತ್ತಿ. ಪಟ್ಟಿಯ ಗಟ್ಟಿ ತುದಿಯಲ್ಲೇ ಇರುವ ಎರಡು ಬೆಳೆ. ಮೀಟರ್ ಇಲ್ಲದ ಕಾಲದಲ್ಲಿ ಆ ನೆಲಕ್ಕೆ ಆ ಬೆಳೆ ಅಂತ ಯಾರೋ ಒಬ್ಬರು ಕೂತು ತೀರ್ಮಾನಿಸಿದ್ದಲ್ಲ. ಬದುಕಿದ್ದು ಉಳಿಯಿತು, ಸತ್ತಿದ್ದು ಹೋಯಿತು.

ಬೆಳೆಗಳ ಪಟ್ಟಿ ಹಿಡಿದು ಮಣ್ಣಿನ ಚರಿತ್ರೆ ಓದಬಹುದು ಅನ್ನೋದಕ್ಕೆ ಪ್ರಸಿದ್ಧ ಉದಾಹರಣೆ ನಮ್ಮದಲ್ಲ, ಇರಾಕಿನ ದಕ್ಷಿಣದ್ದು. ಹಳೆಯ ಸುಮೇರಿಯ. ಕ್ರಿಸ್ತಪೂರ್ವ 3500ರ ಹೊತ್ತಿಗೆ ಅಲ್ಲಿ ಗೋಧಿ, ಬಾರ್ಲಿ ಹೆಚ್ಚೂಕಡಿಮೆ ಸಮಸಮ. ಸಾವಿರ ವರ್ಷದ ನಂತರ ಗೋಧಿ ಆರನೇ ಒಂದು ಪಾಲಿಗಿಳಿಯಿತು. ಕ್ರಿಸ್ತಪೂರ್ವ 1700ರ ಹೊತ್ತಿಗೆ ಮಾಯ. ಉಳಿದದ್ದು ಬಾರ್ಲಿ. ಕಾಲುವೆ ನೀರಿನಿಂದ ಮೇಲೆದ್ದ ಉಪ್ಪೇ ಕಾರಣ ಅಂತ 1958ರಲ್ಲಿ ಜೇಕಬ್‌ಸನ್ ಮತ್ತು ಆಡಮ್ಸ್ ವಾದಿಸಿದರು. ಮಣ್ಣಿನ ಹಲಗೆಗಳ ಮೇಲಿದ್ದ ದವಸದ ಲೆಕ್ಕವೇ ಅವರ ಸಾಕ್ಷಿ. ಆ ಲೆಕ್ಕವನ್ನು ಅಷ್ಟು ಸರಳವಾಗಿ ಓದಬಾರದು, ಜನ ಬಾರ್ಲಿ ಇಷ್ಟಪಟ್ಟಿದ್ದಕ್ಕೆ ಬೇರೆ ಕಾರಣಗಳೂ ಇರಬಹುದು ಅಂತ ಆಮೇಲಿನವರು ತಕರಾರು ತೆಗೆದಿದ್ದಾರೆ. ತಕರಾರು ನ್ಯಾಯವೇ. ಆದರೆ ದಿಕ್ಕು ನೋಡಿ, ಉಪ್ಪು ಹೆಚ್ಚಿದಂತೆ ಮೆತ್ತಗಿನ ಬೆಳೆ ಹೋಗಿ ಗಟ್ಟಿ ಬೆಳೆ ಬರಬೇಕು.

ನಮ್ಮಲ್ಲಿ ಆಗಿದ್ದು ಉಲ್ಟಾ. ಗಟ್ಟಿ ಬೆಳೆ ಹೋಗಿ ಮೆತ್ತಗಿನದು ಬಂತು, ಅದರ ಹಿಂದೆ ಉಪ್ಪು ಬಂತು.

ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. 1855ರಲ್ಲೇ ಕರ್ನಾಲ್ ಹತ್ತಿರದ ಮೂನಕ್ ಅನ್ನೋ ಹಳ್ಳಿಯವರು, ಯಮುನಾ ಕಾಲುವೆ ಬಂದಮೇಲೆ ನಮ್ಮ ಹೊಲದಲ್ಲಿ ಬಿಳಿ ಉಪ್ಪು ಏಳ್ತಾ ಇದೆ ಅಂತ ದೂರು ಕೊಟ್ಟಿದ್ದರು. ಮಹಾರಾಷ್ಟ್ರದ ನೀರಾ ಕಣಿವೆಯಲ್ಲಿ ಕಾಲುವೆ ಬಂದು ಕಾಲು ಶತಮಾನ ಆಗೋಷ್ಟರಲ್ಲಿ ಕಪ್ಪುಮಣ್ಣು ಕೆಟ್ಟದ್ದನ್ನು ಹೆರಾಲ್ಡ್ ಮ್ಯಾನ್ ಮತ್ತು ತಮ್ಹಾಣೆ 1910ರಲ್ಲಿ ವರದಿ ಮಾಡಿದ್ದರು. ಅದು ನಮ್ಮ ರಾಯಚೂರಿನದೇ ಥರದ ಎರೆಮಣ್ಣು. ತುಂಗಭದ್ರಾ ಯೋಜನೆ ಇನ್ನೂ ಕಾಗದದಲ್ಲಿದ್ದಾಗಲೇ, 1930ರ ದಶಕದಲ್ಲಿ, ಕಪ್ಪುಮಣ್ಣಿಗೆ ನೀರು ಹಾಯಿಸಿದರೆ ಏನಾಗುತ್ತೆ ಅಂತ ನೋಡೋಕೆ ಸಿರುಗುಪ್ಪದಲ್ಲಿ ಪ್ರಯೋಗ ಕ್ಷೇತ್ರ ಶುರುವಾಗಿತ್ತು.

ಯೋಜನೆ ಮಾಡಿದವರೂ ದಡ್ಡರಲ್ಲ. 1945ರಲ್ಲಿ ಮದ್ರಾಸ್ ಪ್ರಾಂತ ಮತ್ತು ಹೈದರಾಬಾದ್ ನಿಜಾಮರ ಸರ್ಕಾರ ಸೇರಿ ಅಡಿಗಲ್ಲು ಹಾಕಿದಾಗ ಉದ್ದೇಶ ಬರಗಾಲ ತಡೆಯೋದು. ಇರೋ ನೀರನ್ನು ಆದಷ್ಟು ದೂರ, ಆದಷ್ಟು ಜನಕ್ಕೆ ತೆಳ್ಳಗೆ ಹಂಚೋದು. ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ, ನೀರುಣ್ಣಬೇಕಾದ ನೆಲ ಸುಮಾರು 6 ಲಕ್ಷ ಎಕರೆ. ಅದರಲ್ಲಿ ಭತ್ತಕ್ಕೆ ಸಣ್ಣ ಪಾಲು. ಬಹುಪಾಲು ಹೊಲದಲ್ಲಿ ಜೋಳ, ಹತ್ತಿ, ಶೇಂಗಾ ಇತ್ಯಾದಿಗೆ ಒಂದೆರಡು ತೇವ ಕೊಟ್ಟು ಬೆಳೆ ಉಳಿಸಬೇಕು ಅನ್ನೋದು ಲೆಕ್ಕ. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು.

ನೀರು ಬಂದ ಊರಿನಲ್ಲಿ ಜೋಳ ಯಾರು ಹಾಕ್ತಾರೆ ಹೇಳಿ? ಆಂಧ್ರದ ಕರಾವಳಿ ಜಿಲ್ಲೆಗಳಿಂದ ಭತ್ತ ಗೊತ್ತಿದ್ದ ರೈತರು ಬಂದರು, ಇಲ್ಲಿನ ಅಗ್ಗದ ಎರೆಹೊಲ ಕೊಂಡರು, ಮಟ್ಟ ಮಾಡಿದರು, ಬದು ಕಟ್ಟಿದರು. ಅವರ ಊರುಗಳಿಗೆ ಇವತ್ತಿಗೂ ಕ್ಯಾಂಪ್ ಅಂತಲೇ ಹೆಸರು. ಅವರನ್ನು ಬೈಯೋರಿದ್ದಾರೆ, ನನಗೆ ಅದು ಸರಿ ಕಾಣಲ್ಲ. ಸ್ಥಳೀಯರೂ ಅವರನ್ನು ನೋಡಿ ಕಲಿತರು, ಅಕ್ಕಿ ಗಿರಣಿಗಳು ಬಂದವು, ಗಂಗಾವತಿ ಭತ್ತದ ಕಣಜ ಅನಿಸಿಕೊಂಡಿತು. ಜೋಳಕ್ಕೆ ಇಲ್ಲದ ಮಾರುಕಟ್ಟೆ, ಬೆಲೆ, ಸಾಲ ಎಲ್ಲಾ ಭತ್ತಕ್ಕಿತ್ತು. 1986ರಲ್ಲಿ ಬಾಪಟ್ಲದಿಂದ ಬಿಪಿಟಿ 5204 ತಳಿ ಬಂದಮೇಲಂತೂ ಕೇಳೋದೇ ಬೇಡ. ನಮ್ಮ ಜೆ.ಪಿ. ನಗರದ ಅಂಗಡಿಯಲ್ಲಿ ಸೋನಾ ಮಸೂರಿ ಅಂತ ಮಾರುವ ಸಣ್ಣಕ್ಕಿಯಲ್ಲಿ ಆ ಸೀಮೆಯಿಂದ ಬಂದದ್ದು ಬಹಳ. ಮಧ್ಯಾಹ್ನದ ನಮ್ಮ ಡಬ್ಬಿ ಅನ್ನ ಈ ಕಥೆಯೊಳಗೇ ಇದೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಕಾಲುವೆ ನೀರು ನನ್ನ ಬೋರ್‌ವೆಲ್ ನೀರಿನ ಹಾಗಲ್ಲ, ಒಳ್ಳೇ ನೀರು. ಲೀಟರಿಗೆ ಬರೀ ಕಾಲು ಗ್ರಾಂ ಲವಣ ಅಂದುಕೊಳ್ಳಿ. ಒಂದು ಬೆಳೆಗೆ ಒಂದು ಮೀಟರ್ ಆಳದಷ್ಟು ನೀರು ಹೊಲಕ್ಕೆ ಹೋದರೆ, ಎಕರೆಗೆ ಸುಮಾರು 4,000 ಘನ ಮೀಟರ್. ಅದರ ಜೊತೆ ಬರುವ ಉಪ್ಪು ಒಂದು ಟನ್. ಪ್ರತಿ ಎಕರೆಗೆ, ಪ್ರತಿ ಬೆಳೆಗೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ, ಇಲ್ಲಿ ನೀರು ಕುಡಿದ ನೆಲ ಉಪ್ಪು ತಿನ್ನಬೇಕಾಯ್ತು.

ನಿಜವಾದ ಏಟು ಇದಲ್ಲ, ಕೆಳಗೆ ಆಗಲೇ ಮಲಗಿದ್ದ ಉಪ್ಪು. ಎರೆಮಣ್ಣು ನೀರು ಕುಡಿದು ಉಬ್ಬಿದರೆ ಬಾಗಿಲು ಮುಚ್ಚಿದ ಹಾಗೆ, ನೀರು ಕೆಳಗಿಳಿದು ಹೊರಗೆ ಹೋಗಲ್ಲ. ವರ್ಷ ವರ್ಷ ನೀರಿನ ಮಟ್ಟ ಏರಿ ಏರಿ ಮೇಲ್ಮೈಯಿಂದ ಒಂದೆರಡು ಮೀಟರಿಗೆ ಬಂದುಬಿಟ್ಟರೆ, ಆಮೇಲೆ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಬಿಸಿಲು ಅದನ್ನು ಎಳೆಯುತ್ತೆ. ನೀರು ಗಾಳಿಗೆ, ಉಪ್ಪು ಮಣ್ಣಿಗೆ.

ಹಾಗಾದರೆ ಬರೀ 3 ಅಂಕದ ಭತ್ತ ಅಲ್ಲಿ ಹೇಗೆ ಬದುಕಿತು? ಇದೇ ಈ ಚರಿತ್ರೆಯ ಕುತಂತ್ರದ ಭಾಗ. ಭತ್ತಕ್ಕೆ ಉಪ್ಪು ತಾಳೋ ಶಕ್ತಿ ಇಲ್ಲ, ಆದರೆ ನಿಂತ ನೀರನ್ನು ತಾಳೋ ಶಕ್ತಿ ಇದೆ. ಗದ್ದೆಯಲ್ಲಿ ನಿಂತ ನೀರು ಉಪ್ಪನ್ನು ಬೇರಿನಿಂದ ಕೆಳಕ್ಕೆ ತಳ್ಳುತ್ತೆ. ಹಾಗಾಗಿ ಭತ್ತ ಬೆಳೆದ ಗದ್ದೆ ಆ ಬೆಳೆಯ ಮಟ್ಟಿಗೆ ಬಚಾವ್. ತಳ್ಳಿದ ಉಪ್ಪು, ಬಸಿದ ನೀರು ಎರಡೂ ತಗ್ಗಿನ ಪಕ್ಕದ ಹೊಲದಲ್ಲಿ ಏಳುತ್ತೆ. ಆ ಪಕ್ಕದವನಿಗೆ ಈಗ ಜೋಳ ಹಾಕೋಕೆ ಆಗಲ್ಲ, ಜೋಳ 6.8 ತಾಳುತ್ತೆ ನಿಜ, ಆದರೆ ಕಾಲು ನೆನೆದರೆ ಸಾಯುತ್ತೆ. ಹತ್ತಿಯೂ ಅಷ್ಟೇ. ಅವನೂ ಭತ್ತವನ್ನೇ ಹಾಕಬೇಕು, ಅವನಿಗೂ ನೀರು ಬೇಕು. ಭತ್ತ ಬೆಳೆದರೆ ಉಪ್ಪು ಬರುತ್ತೆ, ಉಪ್ಪು ಬಂದಮೇಲೆ ಭತ್ತ ಬಿಟ್ಟು ಬೇರೇನೂ ಬರಲ್ಲ. ಕೊನೆಗೆ ಅದೂ ಬರದ ಹೊಲದಲ್ಲಿ ಜಾಲಿ.

ಇದರ ಇನ್ನೊಂದು ತುದಿ ರಾಯಚೂರು. ಮೇಲಿನವರು ಭತ್ತಕ್ಕೆ ನೀರು ಕಟ್ಟಿದರೆ ಕಾಲುವೆಯ ಕೊನೆಗೆ ನೀರು ಮುಟ್ಟಲ್ಲ. ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಹಾಳು, ಕೆಳಭಾಗದಲ್ಲಿ ನೀರಿಲ್ಲದೆ ಹಾಳು, ಕಾಲುವೆ ಒಂದೇ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು-ಜವಳಿಗೆ ಸಿಕ್ಕ ನೆಲ ಒಂದು ಲಕ್ಷ ಹೆಕ್ಟೇರಿಗೆ ಸ್ವಲ್ಪ ಕಡಿಮೆ, ಸುಮಾರು 96 ಸಾವಿರ ಹೆಕ್ಟೇರ್ ಅಂತ ಕೃಷಿ ವರದಿಗಳು ಹೇಳುತ್ತವೆ. ಬೆಳಗಾವಿ, ಬಾಗಲಕೋಟೆ ಕಡೆ ಕೃಷ್ಣಾ ತೀರದಲ್ಲಿ ಕಬ್ಬು ಇದೇ ಕೆಲಸ ಮಾಡಿದೆ. ಕಬ್ಬಿನ ಅಂಕ 1.7, ನೆನಪಿರಲಿ.

ಭತ್ತವೇ ಪಾಪಿ ಅಂತ ತೀರ್ಪು ಕೊಡೋದು ಸುಲಭ. ಆದರೆ ಅದೇ ತುಂಗಭದ್ರೆಯ ದಂಡೆಯಲ್ಲಿ, ಹಂಪಿ, ಆನೆಗೊಂದಿ ಕಡೆ ವಿಜಯನಗರ ಕಾಲದ ಕಾಲುವೆಗಳಿವೆ. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆ. ಐದು ಶತಮಾನ ಆಯ್ತು, ಇವತ್ತಿಗೂ ಅವುಗಳ ಕೆಳಗೆ ಭತ್ತ, ಬಾಳೆ, ಕಬ್ಬು ಬೆಳೆಯುತ್ತಿದ್ದಾರೆ. ಅಲ್ಲಿ ಯಾಕೆ ಊರಿಗೆ ಊರೇ ಬೆಳ್ಳಗಾಗಲಿಲ್ಲ? ಒಂದು ಮುಖ್ಯ ಕಾರಣ ಹಂಪಿಯ ಬಂಡೆ ಹತ್ತಿ ಕೆಳಗೆ ನೋಡಿದರೆ ಕಣ್ಣಿಗೇ ಕಾಣುತ್ತೆ. ಗದ್ದೆಗಳು ಕಾಲುವೆ ಮತ್ತು ಹೊಳೆಯ ನಡುವಿನ ಕಿರಿದಾದ ಪಟ್ಟಿ. ಕಾಲುವೆಯಿಂದ ಬಂದ ನೀರು ಗದ್ದೆ ದಾಟಿ ಇಳಿಜಾರಿನಲ್ಲಿ ಮತ್ತೆ ಹೊಳೆಗೇ ಬಸಿದುಹೋಗುತ್ತೆ, ಉಪ್ಪನ್ನೂ ಹೊತ್ತುಕೊಂಡು. ಒಳಬರೋಕೆ ದಾರಿ ಮಾಡಿದವರ ನೆಲಕ್ಕೆ ಹೊರಹೋಗೋಕೂ ದಾರಿ ಇತ್ತು. ಕೆರೆ ಕಟ್ಟಿದವರು ತೂಬಿನ ಜೊತೆ ಕೋಡಿ ಇಟ್ಟ ಹಾಗೆ. ನಮ್ಮ ಪುಟ್ಟೇನಹಳ್ಳಿ ಕೆರೆ ಸುತ್ತ ವಾಕ್ ಮಾಡುವಾಗ ಹೆಚ್ಚಾದ ನೀರು ಹೊರಹೋಗುವ ಜಾಗ ನೋಡಿರಬಹುದು. 227 ಕಿಲೋಮೀಟರ್ ಕಾಲುವೆ ತೋಡಿದವರು ಉಪ್ಪಿಗೆ ಕೋಡಿ ಇಡೋದನ್ನು ಆಮೇಲೆ ನೋಡೋಣ ಅಂತ ಬಿಟ್ಟರು. ಬಸಿಗಾಲುವೆಗೆ ದುಡ್ಡು ಬೇಕು, ಅದರ ಉದ್ಘಾಟನೆಗೆ ಯಾರೂ ಬರಲ್ಲ.

ಉಪ್ಪಿನಲ್ಲೇ ಬೆಳೆಯೋ ಭತ್ತ ಇಲ್ಲವೇ ಅಂತ ಯಾರಾದರೂ ಕೇಳಬಹುದು. ಇದೆ. ಕುಮಟಾ ಹತ್ತಿರ ಅಘನಾಶಿನಿ ಹೊಳೆಬಾಯಿಯ ಗಜನಿಗಳಲ್ಲಿ ಕಡಲ ನೀರು ನುಗ್ಗೋ ಜಾಗದಲ್ಲೇ ಕಗ್ಗ ಅನ್ನೋ ತಳಿ ಬೆಳೆಯುತ್ತೆ. (ಡಿವಿಜಿಯವರ ಕಗ್ಗ ಅಲ್ಲ, ಆದರೂ ಅಷ್ಟೇ ಗಟ್ಟಿ.) ಆದರೆ ಅಲ್ಲಿ ಮಲೆನಾಡ ಮಳೆ ಪ್ರತಿ ವರ್ಷ ಬಂದು ಗದ್ದೆ ತೊಳೆದುಕೊಡುತ್ತೆ. ಸಿಂಧನೂರಿಗೆ ಆ ಮಳೆ ತರೋಕೆ ಆಗಲ್ಲ.

ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ದಶಕಗಳಿಂದ ಮಾಡ್ತಾ ಬಂದಿರೋದು, ಒಂದರ್ಥದಲ್ಲಿ ಆ ಕೋಡಿಯನ್ನೇ ತಡವಾಗಿ ಕೂರಿಸೋ ಕೆಲಸ. ಹೊಲದೊಳಗೆ ಮೀಟರ್ ಆಳದಲ್ಲಿ ತೂತಿನ ಪೈಪುಗಳನ್ನು ಸಾಲಾಗಿ ಹೂತು, ಮೇಲಿಂದ ನೀರು ನಿಲ್ಲಿಸಿ ಉಪ್ಪನ್ನು ತೊಳೆದು ಪೈಪಿನ ಮೂಲಕ ಹೊರಬಿಡೋದು. ಸೋಡಾ ಹೆಚ್ಚಿದ್ದರೆ ಜಿಪ್ಸಂ ಹಾಕಿ ಸೋಡಿಯಂ ಬಿಡಿಸಿಕೊಳ್ಳೋದು. ಪೈಪ್ ಹಾಕಿದ ಹೊಲ ಸುಧಾರಿಸುತ್ತೆ, ಅದರಲ್ಲಿ ಅನುಮಾನ ಇಲ್ಲ. ಉಪ್ಪಾರರ ಗುಡ್ಡೆಯಲ್ಲಿ ನಡೆಯುತ್ತಿದ್ದದ್ದೂ ಇದೇ ಅಲ್ಲವೇ, ಮೇಲೆ ನೀರು ಹೊಯ್ದು ಕೆಳಗೆ ಉಪ್ಪುನೀರು ಹಿಡಿಯೋದು. ಅವರು ಹಿಡಿದಿಟ್ಟು ಮಾರುತ್ತಿದ್ದರು. ಪೈಪಿನ ನೀರು ಹಳ್ಳಕ್ಕೆ ಹೋಗುತ್ತೆ. ಹಳ್ಳ ತುಂಗಭದ್ರೆಗೆ. ಹೊಳೆಯಲ್ಲಿ ನೀರು ಕಮ್ಮಿ ಇರೋ ಬೇಸಿಗೆಯಲ್ಲಿ, ಅದೇ ಹಳ್ಳಕ್ಕೆ ಪಂಪ್ ಇಟ್ಟು ನೀರೆತ್ತೋ ಕೆಳಗಿನ ಊರಿನವರ ಹೊಲಕ್ಕೆ.

ಹೋದ ಭಾನುವಾರ ನಾನು ಕುಂಡಗಳ ಎಂ-ಸೀಲ್ ಕೆತ್ತಿ ತೆಗೆದೆ. ಅಪರೂಪಕ್ಕೆ ಬಂದಿದ್ದ ಕಾವೇರಿ ನೀರನ್ನು ಒಂದೊಂದಕ್ಕೂ ಎರಡು ಬಕೆಟ್ ಸುರಿದೆ. ಕಂದು ಬಣ್ಣದ ನೀರು ಹತ್ತು ನಿಮಿಷ ಬಸಿಯಿತು. ನಿಂಬೆಗಿಡದಲ್ಲಿ ಹೊಸ ಚಿಗುರಿನ ಸೂಚನೆ ಇದೆ. ಸಂಜೆ ಕಾಲಿಂಗ್ ಬೆಲ್ ಆಯ್ತು. ಕೆಳಗಿನ ಮನೆಯ ಆಂಟಿ, ಕೈಯಲ್ಲಿ ಕಲೆಯಾದ ಬಿಳಿ ಪಂಚೆ ಹಿಡಿದುಕೊಂಡು ನಿಂತಿದ್ದರು.